ಸಾವಿನ ಪಕ್ಕದಲ್ಲೇ ನಗು: ಬಿಲ್ಲಿ ವೈಲ್ಡರ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಚಿತ್ರಸಮಾಜಗಳಲ್ಲಿ, ಕಾಲೇಜುಗಳ ರಸಗ್ರಹಣ ಶಿಬಿರಗಳಲ್ಲಿ ಹಳೆಯ ಚಿತ್ರಗಳನ್ನು ತೋರಿಸಿ, ಆಮೇಲೆ ನೋಡುಗರೊಂದಿಗೆ ಕುಳಿತು ಮಾತನಾಡುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಯಾವ ಚಿತ್ರಕ್ಕೆ ಯಾವ ಪ್ರಶ್ನೆ ಬರುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಆದರೆ ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್‌ನ ‘ದಿ ಅಪಾರ್ಟ್‌ಮೆಂಟ್’ (1960) ತೋರಿಸಿದ ದಿನ ಮಾತ್ರ ಆ ಕಷ್ಟವಿಲ್ಲ. ದೀಪ ಹತ್ತಿದ ಕೂಡಲೇ ಯಾರಾದರೂ ಎದ್ದು ನಿಂತು, “ನಿದ್ದೆ ಮಾತ್ರೆ ನುಂಗಿ ಸಾಯಹೊರಟ ಹುಡುಗಿಯ ಕಥೆ ಇದು. ಇದನ್ನು ಹಾಸ್ಯಚಿತ್ರ ಅನ್ನುತ್ತೀರಲ್ಲ, ಇಂಥದ್ದಕ್ಕೆ ನಗುವುದು ತಪ್ಪಲ್ಲವೇ?” ಎಂದು ಕೇಳಿಯೇ ಕೇಳುತ್ತಾರೆ. ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಇದೇ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳಿದರು: “ನಾನು ನಕ್ಕುಬಿಟ್ಟೆ. ಈಗ ಮನಸ್ಸಿಗೆ ಕಸಿವಿಸಿಯಾಗುತ್ತಿದೆ. ತಪ್ಪು ನನ್ನದೋ, ಅವನದೋ ಹೇಳಿ.” ಅಂದು ಸಮಯ ಸಾಲದೆ ಅರ್ಧಂಬರ್ಧ ಉತ್ತರ ಕೊಟ್ಟಿದ್ದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರ ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ನ್ಯೂಯಾರ್ಕಿನ ವಿಮಾ ಕಂಪನಿಯೊಂದರ ಗುಮಾಸ್ತ ಬ್ಯಾಕ್ಸ್‌ಟರ್ ತನ್ನ ಬಾಡಿಗೆ ಮನೆಯ ಕೀಲಿಯನ್ನು ಮೇಲಧಿಕಾರಿಗಳಿಗೆ ಸರದಿಯ ಮೇಲೆ ಕೊಡುತ್ತಾನೆ. ಅವರು ಹೆಂಡತಿಯರ ಕಣ್ಣು ತಪ್ಪಿಸಿ ಅಲ್ಲಿ ಪ್ರೇಯಸಿಯರೊಂದಿಗೆ ಸಂಜೆ ಕಳೆಯುತ್ತಾರೆ, ಪ್ರತಿಯಾಗಿ ಇವನ ಬಡ್ತಿಗೆ ಶಿಫಾರಸು ಮಾಡುತ್ತಾರೆ. ಕೊನೆಗೆ ಸಿಬ್ಬಂದಿ ವಿಭಾಗದ ನಿರ್ದೇಶಕ ಶೆಲ್ಡ್ರೇಕ್ ಕೂಡ ಕೀಲಿ ಕೇಳುತ್ತಾನೆ. ಅವನು ಆ ಮನೆಗೆ ಕರೆತರುವವಳು ಕಚೇರಿಯ ಲಿಫ್ಟ್ ನಡೆಸುವ ಫ್ರಾನ್ ಕ್ಯುಬೆಲಿಕ್. ಬ್ಯಾಕ್ಸ್‌ಟರ್ ಮನಸ್ಸಿನಲ್ಲೇ ಮೆಚ್ಚಿಕೊಂಡಿರುವುದೂ ಅವಳನ್ನೇ. ಜ್ಯಾಕ್ ಲೆಮನ್, ಶರ್ಲಿ ಮೆಕ್ಲೇನ್, ಫ್ರೆಡ್ ಮೆಕ್‌ಮರ‍್ರೆ ಈ ಮೂರು ಪಾತ್ರಗಳಲ್ಲಿದ್ದಾರೆ. ಚಿತ್ರಕ್ಕೆ 10 ಆಸ್ಕರ್ ನಾಮನಿರ್ದೇಶನಗಳು ಬಂದವು, 5 ಪ್ರಶಸ್ತಿಗಳು ಸಿಕ್ಕವು.

ಮೊದಲ ನಗು ಚಿತ್ರ ಶುರುವಾದ ನಿಮಿಷದಲ್ಲೇ ಬರುತ್ತದೆ. ನ್ಯೂಯಾರ್ಕಿನ ಜನಸಂಖ್ಯೆ 80,42,783 ಎಂದು ಬ್ಯಾಕ್ಸ್‌ಟರ್‌ನ ದನಿ ಹೇಳುತ್ತದೆ. ಅಷ್ಟೂ ಜನರನ್ನು ತಲೆಗೆ ಕಾಲು ತಾಗಿಸಿ ಉದ್ದಕ್ಕೆ ಮಲಗಿಸಿದರೆ ಆ ಸಾಲು ಟೈಮ್ಸ್ ಸ್ಕ್ವೇರ್‌ನಿಂದ ಕರಾಚಿಯ ಹೊರವಲಯದವರೆಗೆ ಬರುತ್ತದಂತೆ. ಕರಾಚಿಯ ಹೆಸರು ಕೇಳಿದೊಡನೆ ನಮ್ಮ ಸಭಾಂಗಣಗಳಲ್ಲಿ ನಗು ಏಳುತ್ತದೆ. ಅದೇ ದನಿಯಲ್ಲಿ ಅವನು ತನ್ನನ್ನೂ ಅಂಕಿಗಳಲ್ಲೇ ಪರಿಚಯಿಸಿಕೊಳ್ಳುತ್ತಾನೆ: ಕೇಂದ್ರ ಕಚೇರಿಯಲ್ಲಿ 31,259 ಮಂದಿ ನೌಕರರು, ತಾನಿರುವುದು 19ನೆಯ ಮಹಡಿ, ಮೇಜಿನ ಸಂಖ್ಯೆ 861, ಕೈಗೆ ಬರುವ ಸಂಬಳ ವಾರಕ್ಕೆ 94.70 ಡಾಲರ್. ಆ ಕಚೇರಿಯನ್ನು ನಿರ್ಮಿಸಿದ ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಹಿಂದಿನ ಸಾಲಿನ ಮೇಜುಗಳನ್ನು ಕ್ರಮವಾಗಿ ಚಿಕ್ಕದಾಗಿಸುತ್ತಾ ಹೋಗಿ, ಅಲ್ಲಿ ಗಿಡ್ಡ ಮೈಕಟ್ಟಿನವರನ್ನು ಕೂರಿಸಿ, ಕೊನೆಯೇ ಇಲ್ಲದ ಹಜಾರವೆಂಬ ಭ್ರಮೆ ಹುಟ್ಟಿಸಿದ. ಮನುಷ್ಯ ಅಂಕಿಯಾಗಿಬಿಟ್ಟಿರುವ ಆ ಹಜಾರವನ್ನು ನೋಡಿ ನಾವು ನಗುತ್ತೇವೆ. ಅಂಕಿಯಾಗಿಬಿಟ್ಟವರಿಗೆ ಅಲ್ಲಿ ಏನೇನು ಆಗಬಹುದು ಎಂಬುದು ನಮಗೆ ಆಮೇಲೆ ತಿಳಿಯುತ್ತದೆ.

ಇನ್ನು ಮಾತ್ರೆಯ ವಿಷಯ. ಚಿತ್ರದ ಆರಂಭದಲ್ಲೊಂದು ರಾತ್ರಿ ಬ್ಯಾಕ್ಸ್‌ಟರ್ ನಿದ್ದೆ ಮಾತ್ರೆ ನುಂಗಿ ಮಲಗುವ ಹೊತ್ತಿಗೆ ಸರಿಯಾಗಿ ಅಧಿಕಾರಿಯೊಬ್ಬ ಫೋನ್ ಮಾಡಿ, ಜೊತೆಗೆ ಹುಡುಗಿ ಸಿಕ್ಕಿದ್ದಾಳೆ, ಮನೆ ಬೇಕು ಎನ್ನುತ್ತಾನೆ. ಇವನು ತೂಕಡಿಸುತ್ತಲೇ ಎದ್ದು, ಕೋಟು ಏರಿಸಿಕೊಂಡು, ಚಳಿಯಲ್ಲಿ ಸೆಂಟ್ರಲ್ ಪಾರ್ಕಿನ ಬೆಂಚಿನ ಮೇಲೆ ರಾತ್ರಿ ಕಳೆಯುತ್ತಾನೆ. ಮರುದಿನ ನೆಗಡಿ, ಜ್ವರ. ಒಂದು ರಾತ್ರಿಯಾದರೂ ತನ್ನ ಮನೆಯಲ್ಲಿ ತಾನೇ ಮಲಗಬೇಕೆಂದು ಒಬ್ಬೊಬ್ಬ ಅಧಿಕಾರಿಗೂ ಫೋನ್ ಮಾಡಿ, ಬುಧವಾರದವನನ್ನು ಶುಕ್ರವಾರಕ್ಕೆ, ಶುಕ್ರವಾರದವನನ್ನು ಗುರುವಾರಕ್ಕೆ ಹೊಂದಿಸಲು ಅವನು ಒದ್ದಾಡುವ ದೃಶ್ಯಕ್ಕೆ ಹೊಟ್ಟೆ ಹಿಡಿದುಕೊಂಡು ನಗದವರನ್ನು ನಾನು ನೋಡಿಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿ ಶೆಲ್ಡ್ರೇಕ್, ಉಡುಗೊರೆ ಕೊಳ್ಳಲು ಪುರಸತ್ತಾಗಲಿಲ್ಲವೆಂದು ಫ್ರಾನ್‌ಳ ಕೈಗೆ ನೂರು ಡಾಲರಿನ ನೋಟು ಕೊಟ್ಟು, ಹೆಂಡತಿ ಮಕ್ಕಳಿರುವ ಮನೆಗೆ ರೈಲು ಹಿಡಿಯಲು ಹೊರಡುತ್ತಾನೆ. ಅವಳೊಬ್ಬಳೇ ಉಳಿಯುತ್ತಾಳೆ, ಬಚ್ಚಲುಮನೆಗೆ ಹೋಗುತ್ತಾಳೆ. ಅಲ್ಲಿ ಅವಳ ಕೈಗೆ ಸಿಗುವುದು ಬ್ಯಾಕ್ಸ್‌ಟರ್‌ನ ನಿದ್ದೆ ಮಾತ್ರೆ. ಒಂದು ಗಂಟೆಯ ಹಿಂದೆ ನಮ್ಮನ್ನು ನಗಿಸಿದ ಮಾತ್ರೆ.

ವೈಲ್ಡರ್ ಮತ್ತು ಅವನ ಜೊತೆ ಚಿತ್ರಕಥೆ ಬರೆದ ಐ.ಎ.ಎಲ್. ಡೈಮಂಡ್ ಇಬ್ಬರ ಕಸುಬಿನ ಗುಟ್ಟು ಇದೇ ಎಂದು ನನ್ನ ಎಣಿಕೆ. ಒಂದು ವಸ್ತುವನ್ನು ಮೊದಲು ನಗೆಯ ಸರಕಾಗಿ ನಮ್ಮ ಕೈಗೆ ಕೊಡುತ್ತಾರೆ; ನಾವು ಅದನ್ನು ಮರೆತಿರುವಾಗ ಅದೇ ವಸ್ತುವನ್ನು ಗಾಯವಾಗಿ ಹಿಂದಕ್ಕೆ ತರುತ್ತಾರೆ. ಕೈಗನ್ನಡಿಯ ಪ್ರಸಂಗವನ್ನೇ ನೋಡಿ. ತನ್ನ ಮನೆಯಲ್ಲಿ ಯಾರೋ ಮರೆತುಹೋದ, ಕನ್ನಡಿ ಬಿರುಕು ಬಿಟ್ಟ ಪೌಡರ್ ಡಬ್ಬಿಯೊಂದನ್ನು ಬ್ಯಾಕ್ಸ್‌ಟರ್ ಶೆಲ್ಡ್ರೇಕ್‌ಗೆ ತಲುಪಿಸುತ್ತಾನೆ. ತನಗೆ ಸಿಕ್ಕಾಗಲೇ ಒಡೆದಿತ್ತು ಎಂದು ಪ್ರಾಮಾಣಿಕ ನೌಕರನಂತೆ ಸ್ಪಷ್ಟನೆಯನ್ನೂ ಕೊಡುತ್ತಾನೆ. ಅದಕ್ಕೂ ನಗುತ್ತೇವೆ. ಕಚೇರಿಯ ಕ್ರಿಸ್‌ಮಸ್ ಗಲಾಟೆಯ ನಡುವೆ, ಬಡ್ತಿ ಸಿಕ್ಕ ಖುಷಿಗೆ ಕೊಂಡ ಹೊಸ ಟೋಪಿಯನ್ನು ಅವನು ಫ್ರಾನ್‌ಗೆ ತೋರಿಸುತ್ತಾನೆ. ನೋಡಿಕೊಳ್ಳಲೆಂದು ಅವಳು ತನ್ನ ಕೈಗನ್ನಡಿ ಕೊಡುತ್ತಾಳೆ. ಅವನು ತೆರೆಯುತ್ತಾನೆ. ಬಿರುಕಿನ ಎರಡು ಬದಿಗೆ ಹೋಳಾದ ಅವನ ಮುಖ, ಮುಖದ ಮೇಲೆ ಆ ಟೋಪಿ. ಒಂದು ಕ್ಷಣ ಅಷ್ಟೆ. ತನ್ನ ಮನೆಗೆ ಬರುತ್ತಿದ್ದವಳು ಇವಳೇ ಎಂದು ಅವನಿಗೆ ಗೊತ್ತಾಯಿತೆಂಬುದು ನಮಗೆ ಗೊತ್ತಾಗುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ. ಕನ್ನಡಿ ಒಡೆದಿದೆಯಲ್ಲ ಎಂದರೆ, ಹಾಗೇ ಇರಲಿ, ನನ್ನ ಮನಸ್ಸು ಹೇಗಿದೆಯೋ ಹಾಗೇ ತೋರಿಸುತ್ತದೆ ಎಂಬ ಅರ್ಥದ ಮಾತನ್ನು ಅವಳು ಆಡುತ್ತಾಳೆ. ಅಲ್ಲಿ ಯಾರೂ ದನಿ ಏರಿಸುವುದಿಲ್ಲ, ಯಾರ ಗುಟ್ಟನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಾವು ಈಗ ವ್ಯಂಗ್ಯ ಎಂದರೆ ಚುಚ್ಚುಮಾತು ಎಂದುಕೊಂಡಿದ್ದೇವೆ. ಕಾವ್ಯಮೀಮಾಂಸೆ ಓದಿದವರಿಗೆ ಆ ಪದದ ಹಳೆಯ ಅರ್ಥ ನೆನಪಿರುತ್ತದೆ: ಹೇಳದೆ ಹೊಳೆಯಿಸಿದ್ದು ವ್ಯಂಗ್ಯ, ಅದನ್ನು ಹೊಳೆಯಿಸುವ ಶಕ್ತಿ ವ್ಯಂಜನೆ. ಸಂಸ್ಕೃತ ಮೀಮಾಂಸಕ ಆನಂದವರ್ಧನ ಹೀಗೆ ಹೊಳೆಯುವ ಅರ್ಥವನ್ನು ಧ್ವನಿ ಎಂದು ಕರೆದು, ಅದೇ ಕಾವ್ಯದ ಆತ್ಮವೆಂದದ್ದು ಈ ಕಾರಣಕ್ಕೆ. ವೈಲ್ಡರ್‌ನ ವ್ಯಂಗ್ಯವನ್ನು ಹಿಡಿಯಲು ಹಳೆಯ ಅರ್ಥವೇ ಸರಿಯಾದದ್ದು. ಅವನು ತನ್ನ ಗುರುವೆಂದು ಭಾವಿಸಿದ್ದು ಹಿರಿಯ ನಿರ್ದೇಶಕ ಎರ್ನ್ಸ್ಟ್ ಲುಬಿಚ್‌ನನ್ನು. ಅವನಿಗಾಗಿ ‘ನಿನೋಚ್ಕಾ’ದ (1939) ಚಿತ್ರಕಥೆಯಲ್ಲಿ ಕೈಜೋಡಿಸಿದ್ದ, ಮುಂದೆ ತನ್ನ ಕೋಣೆಯ ಗೋಡೆಗೆ “ಲುಬಿಚ್ ಆಗಿದ್ದರೆ ಇದನ್ನು ಹೇಗೆ ಮಾಡುತ್ತಿದ್ದ?” ಎಂಬ ಫಲಕ ಹಾಕಿಕೊಂಡಿದ್ದ. ಮುಚ್ಚಿದ ಬಾಗಿಲೊಂದನ್ನು ತೋರಿಸಿ ಒಳಗಿನದನ್ನು ನೋಡುಗರ ಬುದ್ಧಿಗೆ ಬಿಡುವುದು ಲುಬಿಚ್‌ನ ರೀತಿ. ಶಿಷ್ಯ ಆ ರೀತಿಯನ್ನು ಕತ್ತಲೆಯ ಕಡೆಗೆ ಒಯ್ದ. ಮುಚ್ಚಿದ ಬಾಗಿಲ ಹೊರಗೆ ಚಳಿಯಲ್ಲಿ ನಿಂತ ಮನೆಯ ಯಜಮಾನನನ್ನೂ ತೋರಿಸಿದ.

ಆದ್ದರಿಂದ ಮೇಷ್ಟ್ರ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳುತ್ತೇನೆ. ನಾವು ನಕ್ಕದ್ದು ಯಾರನ್ನು ನೋಡಿ? ಫ್ರಾನ್ ಮಾತ್ರೆ ನುಂಗಿ ಮಲಗಿರುವಾಗ, ಅದು ತಿಳಿಯದ ಬ್ಯಾಕ್ಸ್‌ಟರ್ ಬಾರಿನಲ್ಲಿ ಸಿಕ್ಕ ಹೆಂಗಸೊಬ್ಬಳನ್ನು ಕರೆದುಕೊಂಡು ನಗುತ್ತಾ ಮನೆಗೆ ಬರುತ್ತಾನೆ. ಅಲ್ಲಿಯವರೆಗೂ ಹಾಸ್ಯ. ಹಾಸಿಗೆಯ ಮೇಲೆ ಫ್ರಾನ್‌ಳನ್ನು ಕಂಡ ಮೇಲೆ ನಡೆಯುವುದೇ ಬೇರೆ. ಪಕ್ಕದ ಮನೆಯ ಡಾಕ್ಟರ್ ಡ್ರೈಫಸ್ ಓಡಿಬರುತ್ತಾನೆ, ಅವಳ ಕೆನ್ನೆಗೆ ಬಾರಿಸುತ್ತಾನೆ, ಕಾಫಿ ಕುಡಿಸುತ್ತಾನೆ, ನಿದ್ದೆಗೆ ಜಾರದಂತೆ ಇಬ್ಬರೂ ಸೇರಿ ಕೋಣೆಯ ಉದ್ದಕ್ಕೂ ನಡೆಸುತ್ತಾರೆ. ಈ ಹೊತ್ತಿನಲ್ಲಿ ಅವಳ ಮೇಲೆ ಒಂದೇ ಒಂದು ನಗೆಮಾತು ಇಲ್ಲ. ನಾನು ಹಲವು ಸಲ ಇದನ್ನೇ ಗಮನಿಸಲೆಂದು ಚಿತ್ರವನ್ನು ಮತ್ತೆ ನೋಡಿದ್ದೇನೆ. ನಗು ಮತ್ತೆ ಶುರುವಾಗುವುದು, ಈ ಅನಾಹುತಕ್ಕೆಲ್ಲ ಬ್ಯಾಕ್ಸ್‌ಟರೇ ಕಾರಣನೆಂದು ಡಾಕ್ಟರೂ ನೆರೆಹೊರೆಯವರೂ ನಂಬುವಾಗ. ಆಗಲೂ ನಗುವ ನಮಗೆ ಗೊತ್ತಿರುತ್ತದೆ, ಅವನು ಅವಳ ಮಾನ ಕಾಯಲು ಆ ಕೆಟ್ಟ ಹೆಸರನ್ನು ಮೈಮೇಲೆ ಎಳೆದುಕೊಂಡಿದ್ದಾನೆ ಎಂದು.

ಎಲ್ಲಿ ನಗಿಸಬೇಕು, ಎಲ್ಲಿ ಕೂಡದು ಎಂಬುದನ್ನು ವೈಲ್ಡರ್ ಎಷ್ಟು ಕಟ್ಟುನಿಟ್ಟಾಗಿ ಅಳೆಯುತ್ತಿದ್ದ ಎಂಬುದಕ್ಕೆ ‘ಸನ್‌ಸೆಟ್ ಬೂಲೆವಾರ್ಡ್’ನ (1950) ಉದಾಹರಣೆ ಸಾಕು. ಆ ಚಿತ್ರ ಮೊದಲು ಶವಾಗಾರದಲ್ಲಿ ಶುರುವಾಗುತ್ತಿತ್ತು. ಹೆಣಗಳು ತಾವು ಸತ್ತ ಬಗೆಯನ್ನು ಒಂದಕ್ಕೊಂದು ಹೇಳಿಕೊಳ್ಳುತ್ತಿದ್ದವು. ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ನಡೆದ ಪೂರ್ವಪ್ರದರ್ಶನದಲ್ಲಿ ಜನ ಆ ದೃಶ್ಯಕ್ಕೆ ಬಿದ್ದು ಬಿದ್ದು ನಕ್ಕರು. ಬೇರೆ ಯಾರಾದರೂ ಅದನ್ನು ಗೆಲುವೆಂದು ಎಣಿಸುತ್ತಿದ್ದರೇನೋ. ವೈಲ್ಡರ್ ಇಡೀ ದೃಶ್ಯವನ್ನು ಕಿತ್ತುಹಾಕಿ, ಈಜುಕೊಳದಲ್ಲಿ ಬೋರಲಾಗಿ ತೇಲುತ್ತಿರುವ ಹೆಣವೇ ಕಥೆ ಹೇಳುವ ಈಗಿನ ಆರಂಭವನ್ನು ಇಟ್ಟ. ಸತ್ತವನು ಕಥೆ ಹೇಳುವ ವಿಪರ್ಯಾಸ ಉಳಿಯಿತು, ಸತ್ತವನನ್ನು ಹಾಸ್ಯ ಮಾಡುವುದು ಹೋಯಿತು.

ಇವನು ಮನುಷ್ಯರನ್ನು ದ್ವೇಷಿಸುವವನು ಎಂಬ ಆಪಾದನೆಯನ್ನೂ ನಾನು ಆಗಾಗ ಕೇಳುತ್ತೇನೆ. ಅವನ ಬಾಳನ್ನು ಬಲ್ಲವರು ಹಾಗೆನ್ನಲಾರರು. 1906ರಲ್ಲಿ, ಈಗ ಪೋಲೆಂಡಿನಲ್ಲಿರುವ ಸುಖಾ ಎಂಬ ಊರಿನ ಯಹೂದಿ ಮನೆತನದಲ್ಲಿ ಹುಟ್ಟಿದ; ವಿಯೆನ್ನಾದಲ್ಲಿ ಪತ್ರಕರ್ತನಾಗಿ, ಬರ್ಲಿನ್ನಿನಲ್ಲಿ ಚಿತ್ರಕಥೆಗಾರನಾಗಿ ದುಡಿದ; 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಪ್ಯಾರಿಸ್ಸಿಗೆ ಓಡಿಹೋಗಿ, ಮುಂದಿನ ವರ್ಷ ಅಮೆರಿಕ ಸೇರಿದ. ತಾಯಿ, ಅಜ್ಜಿ, ಮಲತಂದೆ ಮೂವರೂ ನಾತ್ಸಿಗಳ ನರಮೇಧದಲ್ಲಿ ಹತರಾದರು. 1945ರಲ್ಲಿ ಅಮೆರಿಕದ ಸೇನೆಯ ಕೆಲಸದ ಮೇಲೆ ಜರ್ಮನಿಗೆ ಮರಳಿದಾಗ ಅವನು ಯಾತನಾ ಶಿಬಿರಗಳ ಸಾಕ್ಷ್ಯಚಿತ್ರಕ್ಕಾಗಿ ದುಡಿದ. ಮುಪ್ಪಿನಲ್ಲಿ, ಅದೇ ನರಮೇಧದ ಕಥೆಯುಳ್ಳ ‘ಷಿಂಡ್ಲರ್ಸ್ ಲಿಸ್ಟ್’ ಚಿತ್ರವನ್ನು ತನ್ನವರ ನೆನಪಿಗಾಗಿ ತಾನೇ ಮಾಡಬೇಕೆಂದು ಬಯಸಿದ್ದ, ಆಗಲಿಲ್ಲ. ಲಕ್ಷಾಂತರ ಜನರನ್ನು ಅಂಕಿಗಳನ್ನಾಗಿ ಮಾಡಿದ ಕಚೇರಿಗಳನ್ನು ಬಲ್ಲವನು 861ನೆಯ ಮೇಜಿನ ಗುಮಾಸ್ತನ ಕಥೆಯನ್ನು ಬರೀ ತಮಾಷೆಗಾಗಿ ಹೇಳಿರಲಾರ. ಆ ಡಾಕ್ಟರ್ ಡ್ರೈಫಸ್ ಬ್ಯಾಕ್ಸ್‌ಟರ್‌ಗೆ ಹೇಳುವ ಬುದ್ಧಿಮಾತಿನಲ್ಲಿ ಯಿಡ್ಡಿಷ್ ಭಾಷೆಯ ಪದವೊಂದಿದೆ, ‘ಮೆನ್ಷ್’. ನಮ್ಮಲ್ಲಿ ಹಿರಿಯರು “ಮೊದಲು ಮನುಷ್ಯನಾಗು” ಎನ್ನುವಾಗ ಆ ಪದಕ್ಕೆ ಯಾವ ಭಾರವಿರುತ್ತದೆಯೋ ಅದೇ ಭಾರ ಅದಕ್ಕೂ ಇದೆ. ಚಿತ್ರದ ಕೊನೆಯಲ್ಲಿ ಬ್ಯಾಕ್ಸ್‌ಟರ್ ಶೆಲ್ಡ್ರೇಕ್‌ನ ಮೇಜಿನ ಮೇಲೆ ಇಡುವುದು ಮನೆಯ ಕೀಲಿಯನ್ನಲ್ಲ, ಬಡ್ತಿಯ ಜೊತೆ ಸಿಕ್ಕಿದ್ದ, ಅಧಿಕಾರಿಗಳಿಗೆ ಮೀಸಲಾದ ಶೌಚಾಲಯದ ಕೀಲಿಯನ್ನು.

ವೈಲ್ಡರ್ ನಗುವನ್ನು ಸಂಪೂರ್ಣವಾಗಿ ಕಹಿಯಾಗಿಸಿದ್ದು ‘ಏಸ್ ಇನ್ ದಿ ಹೋಲ್’ನಲ್ಲಿ (1951). ಗುಹೆ ಕುಸಿದು ಒಬ್ಬ ಒಳಗೆ ಸಿಕ್ಕಿಬಿದ್ದಿದ್ದಾನೆ. ಗೋಡೆಗೆ ಆಸರೆ ಕೊಟ್ಟು ಒಂದು ದಿನದೊಳಗೆ ಅವನನ್ನು ಹೊರತರಬಹುದು. ಸುದ್ದಿ ದಿನಗಟ್ಟಲೆ ಓಡಲೆಂದು ಪತ್ರಕರ್ತ ಟೇಟಮ್, ಅಲ್ಲಿನ ಶೆರಿಫ್‌ನನ್ನು ಒಳಗೆ ಹಾಕಿಕೊಂಡು, ಬೆಟ್ಟದ ತುದಿಯಿಂದ ಕೊರೆಯುವ ದಾರಿ ಹಿಡಿಸುತ್ತಾನೆ. ಜನ ಸೇರುತ್ತಾರೆ, ಮೊದಲು ಪುಕ್ಕಟೆಯಾಗಿದ್ದ ಪ್ರವೇಶಕ್ಕೆ ಶುಲ್ಕ ಬೀಳುತ್ತದೆ, ಶುಲ್ಕ ಏರುತ್ತದೆ, ತೊಟ್ಟಿಲು ರಾಟೆ ಬರುತ್ತದೆ, ಒಳಗಿರುವವನ ಮೇಲೆ ಹಾಡು ಕಟ್ಟಿ ಮಾರುತ್ತಾರೆ. ಅಂದು ಚಿತ್ರ ಓಡಲಿಲ್ಲ. ನಿರ್ಮಾಣ ಸಂಸ್ಥೆ ಹೆಸರನ್ನೇ ಬದಲಿಸಿ ‘ದಿ ಬಿಗ್ ಕಾರ್ನಿವಲ್’ ಎಂದಿಟ್ಟರೂ ಪ್ರಯೋಜನವಾಗಲಿಲ್ಲ. ನಮ್ಮಲ್ಲಿ ಇದನ್ನು ತೋರಿಸಿದಾಗ ಮಾತು ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ರಕ್ಷಣಾ ಸಿಬ್ಬಂದಿ ಸುಮಾರು 20 ಗಂಟೆ ದುಡಿದು ಜೀವಂತವಾಗಿ ಎತ್ತಿದರು. ಅವರ ಶ್ರದ್ಧೆಗೂ ಟೇಟಮ್‌ನ ಹೊಲಸಿಗೂ ಯಾವ ಹೋಲಿಕೆಯೂ ಇಲ್ಲ. ಆದರೆ ಟಿವಿಯ ಮುಂದೆ ಊಟದ ತಟ್ಟೆ ಹಿಡಿದು ಕೂತಿದ್ದ ನಾವು ಇದ್ದೆವಲ್ಲ, ಆ ನಮ್ಮನ್ನು ವೈಲ್ಡರ್ 1951ರಲ್ಲೇ ಕಂಡಿದ್ದ.

ಎಲ್ಲ ಚಿತ್ರಗಳಲ್ಲೂ ಅವನು ಈ ತೂಕವನ್ನು ಕಾಪಾಡಿಕೊಂಡ ಎಂದು ನಾನು ಹೇಳುವುದಿಲ್ಲ. ‘ಕಿಸ್ ಮಿ, ಸ್ಟುಪಿಡ್’ನಲ್ಲಿ (1964) ಹೆಂಡತಿಯನ್ನೂ ವೇಶ್ಯೆಯನ್ನೂ ಅದಲುಬದಲು ಮಾಡುವ ಹುನ್ನಾರ ನನಗೆ ಒರಟಾಗಿಯೇ ಕಾಣುತ್ತದೆ, ‘ಏಸ್ ಇನ್ ದಿ ಹೋಲ್’ನಲ್ಲಿ ಗುಹೆಯೊಳಗಿನವನ ಹೆಂಡತಿಗೆ ಅವನು ಇನ್ನಷ್ಟು ನ್ಯಾಯ ಒದಗಿಸಬಹುದಿತ್ತು.

ಮೇಷ್ಟ್ರೇ, ತಪ್ಪು ನಿಮ್ಮದಲ್ಲ, ಅವನದೂ ಅಲ್ಲ. ನಕ್ಕ ಮೇಲೆ ಆದ ಆ ಕಸಿವಿಸಿಗಾಗಿಯೇ ಅವನು ನಿಮ್ಮನ್ನು ನಗಿಸಿದ್ದು. ಫ್ರಾನ್ ಚೇತರಿಸಿಕೊಳ್ಳುತ್ತಿದ್ದಾಗ ಬ್ಯಾಕ್ಸ್‌ಟರ್ ಟೆನಿಸ್ ರ‍್ಯಾಕೆಟ್ಟಿನಲ್ಲಿ ಶಾವಿಗೆಯಂಥ ಸ್ಪಗೆಟ್ಟಿ ಬಸಿದದ್ದಕ್ಕೆ ನೀವು ನಕ್ಕಿರಿ. ಅವಳು ಹೋದ ಮೇಲೆ ಅದೇ ರ‍್ಯಾಕೆಟ್ಟಿನ ಎಳೆಗೆ ಒಂದು ಸ್ಪಗೆಟ್ಟಿ ಅಂಟಿಕೊಂಡಿರುವುದನ್ನು ಕಂಡು ಅವನು ಬಿಡಿಸಿಕೊಂಡು ಬೆರಳಿನಲ್ಲಿ ಹೊರಳಿಸುತ್ತಾ ನಿಂತಾಗ ಸಭಾಂಗಣದಲ್ಲಿ ಒಬ್ಬರೂ ನಗಲಿಲ್ಲ, ನೀವೂ ನಗಲಿಲ್ಲ. ಹೊಸ ವರ್ಷದ ರಾತ್ರಿ ಫ್ರಾನ್ ಅವನ ಮನೆಯತ್ತ ಓಡಿಬರುತ್ತಾಳೆ, ಮೆಟ್ಟಿಲು ಹತ್ತುತ್ತಿರುವಾಗ ಒಳಗಿನಿಂದ ಢಂ ಎಂಬ ಸದ್ದು ಕೇಳುತ್ತದೆ. ಹಿಂದೊಮ್ಮೆ ಅವನು ಪಿಸ್ತೂಲು ಹಿಡಿದು ಸಾಯಹೊರಟು ಮೊಣಕಾಲಿಗೆ ಗುಂಡು ಹೊಡೆದುಕೊಂಡ ಕಥೆ ಅವಳಿಗೂ ಗೊತ್ತು, ನಮಗೂ ಗೊತ್ತು. ಅದನ್ನು ಕೇಳಿ ನಕ್ಕಿದ್ದೂ ಆಗಿದೆ. ಆ ಸದ್ದು ಬರುವ ಹೊತ್ತಿಗೆ ನಾನು ಯಾವಾಗಲೂ ಪರದೆಗೆ ಬೆನ್ನು ಮಾಡಿ ನೋಡುಗರ ಮುಖಗಳನ್ನು ನೋಡುತ್ತೇನೆ. ಬಾಗಿಲು ತೆರೆದು, ಶಾಂಪೇನ್ ಉಕ್ಕುತ್ತಿರುವ ಬಾಟಲಿ ಹಿಡಿದ ಬ್ಯಾಕ್ಸ್‌ಟರ್ ಕಾಣಿಸಿಕೊಳ್ಳುವವರೆಗೆ ಯಾರೂ ಉಸಿರು ಬಿಟ್ಟಿರುವುದಿಲ್ಲ.