ಕಾರೊ-ಕಾನ್ ರಕ್ಷಣೆಯ ಎದುರು ಬಿಳಿಯವರು ಏನು ಆಡಬೇಕು?

ಚೆಸ್ ಆಟವನ್ನು ಇ4ರಿಂದ, ಅಂದರೆ ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನೂಕಿ, ಆರಂಭಿಸುವವರ ತಾಳ್ಮೆಯನ್ನು ಕಾರೊ-ಕಾನ್‌ನಷ್ಟು ಪರೀಕ್ಷಿಸುವ ರಕ್ಷಣೆಗಳು ಹೆಚ್ಚಿಲ್ಲ. ಹೊರೇಷಿಯೊ ಕಾರೊ ಮತ್ತು ಮಾರ್ಕಸ್ ಕಾನ್ 1886ರಲ್ಲಿ ವಿಶ್ಲೇಷಿಸಿದ ಈ ಓಪನಿಂಗ್‌ನಲ್ಲಿ (ಆರಂಭದ ನಡೆಗಳ ಕ್ರಮದಲ್ಲಿ) ಕಪ್ಪಿನವರು ಮೊದಲು ಸಿ6, ಬಿಳಿಯವರ ಡಿ4ರ ಬಳಿಕ ಡಿ5 ಆಡಿ ಕೇಂದ್ರವನ್ನು ಪ್ರಶ್ನಿಸುತ್ತಾರೆ. ಇ4ಕ್ಕೆ ಇ6 ಎಂದು ಉತ್ತರಿಸುವ ಫ್ರೆಂಚ್ ರಕ್ಷಣೆಯಲ್ಲಿ ಆ ಪದಾತಿಯ ಹಿಂದೆ ಉಸಿರುಕಟ್ಟಿ ಕೂರುವ ಸಿ8ರ ಒಂಟೆ ಇಲ್ಲಿ ಮೊದಲೇ ಹೊರಬರುತ್ತದೆ. ಪದಾತಿಗಳ ಸಾಲಿನಲ್ಲಿ ಬಿರುಕೂ ಕಾಣುವುದಿಲ್ಲ. ಆದರೆ ಈ ಭದ್ರತೆ ಪುಕ್ಕಟೆಯಾಗಿ ಬಂದದ್ದಲ್ಲ. ಬಿ8ರ ಕುದುರೆಗೆ ಸಹಜವಾದ ಸಿ6ರ ಮನೆ ಸದ್ಯಕ್ಕೆ ಸಿಗುವುದಿಲ್ಲ, ಮತ್ತು ಮುಂದೆ ಸಿ5 ಆಡಬೇಕಾದಾಗ ಒಂದೇ ಪದಾತಿಗೆ ಎರಡು ನಡೆ ಖರ್ಚಾಗುತ್ತದೆ. ಬಿಳಿಯವರು ಯಾವ ದಾರಿ ಹಿಡಿದರೆ ಕಪ್ಪಿನವರು ಈ ಬೆಲೆಯನ್ನು ನಿಜವಾಗಿಯೂ ತೆರಬೇಕಾಗುತ್ತದೆ ಎಂಬುದನ್ನೇ ನಾನು ಆಯ್ಕೆಯ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಆ ಅಳತೆಯಲ್ಲಿ ಮೂರನೇ ನಡೆಗೆ ಕುದುರೆಯನ್ನು ಸಿ3ಕ್ಕೆ ತರುವ ಹಳೆಯ ದಾರಿ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಕಪ್ಪಿನವರು ಇ4ರಲ್ಲಿ ಪದಾತಿಯನ್ನು ಹೊಡೆದು, ಬಿಳಿಯ ಕುದುರೆ ಅಲ್ಲೇ ಮರಳಿ ಹೊಡೆದ ಮೇಲೆ ಒಂಟೆಯನ್ನು ಎಫ್5ಕ್ಕೆ ತಂದು, ಬಿಳಿಯ ಕುದುರೆ ಜಿ3ಕ್ಕೆ ಹೋದಾಗ ಜಿ6ಕ್ಕೆ ಸರಿದರೆ ಅವರಿಗೆ ಬೇಕಾದದ್ದೆಲ್ಲ ಸಿಕ್ಕಂತಾಯಿತು. ಎಚ್4 ನೂಕಿ ಜಾಗ ಗಳಿಸಬಹುದು, ನಿಜ. ಆದರೆ ತಾಳ್ಮೆಯಿಂದ ಆಡುವ, ಮಾಜಿ ವಿಶ್ವ ಚಾಂಪಿಯನ್ ಕಾರ್ಪೊವ್ ಶೈಲಿಯ ಎದುರಾಳಿಗೆ ಅದರಿಂದ ನಿದ್ದೆಗೆಡುವುದಿಲ್ಲ. ಒಂಟೆಯ ಬದಲು ಕುದುರೆಯನ್ನು ಡಿ7ಕ್ಕೆ ತರುವ ಕವಲಿನಲ್ಲಿ ಅಪಾಯಗಳು ಹೆಚ್ಚು. 1997ರಲ್ಲಿ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಎದುರಿನ ಕೊನೆಯ ಆಟದಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೊವ್ ಇದೇ ಕವಲಿನಲ್ಲಿ 19 ನಡೆಗಳೊಳಗೆ ಸೋತರು. ಈ ಕವಲಿನಲ್ಲಿ ಬಿಳಿಯವರು ಐದನೇ ನಡೆಗೆ ಮಂತ್ರಿಯನ್ನು ಇ2ಕ್ಕೆ ಇಟ್ಟಾಗ ಕಪ್ಪಿನವರು ಯೋಚಿಸದೆ ಜಿ8ರ ಕುದುರೆಯನ್ನು ಎಫ್6ಕ್ಕೆ ತಂದರೆ, ಬಿಳಿಯ ಕುದುರೆ ಡಿ6ಕ್ಕೆ ಹಾರಿ ಅಲ್ಲೇ ಚೆಕ್‌ಮೇಟ್ ಆಗುತ್ತದೆ: ಇ7ರ ಪದಾತಿ ರಾಜನೆದುರು ಕಟ್ಟಿಬಿದ್ದಿರುವುದರಿಂದ (ಸರಿದರೆ ಇ2ರ ಮಂತ್ರಿಯ ದಾಳಿಗೆ ರಾಜ ತೆರೆದುಕೊಳ್ಳುತ್ತಾನೆ) ಆ ಕುದುರೆಯನ್ನು ಹೊಡೆಯಲಾರದು. ಬಲೆ ಸೊಗಸಾಗಿದೆ, ಆದರೆ ಎದುರಾಳಿಗೆ ಅದು ಗೊತ್ತಿದ್ದರೆ ನಮ್ಮ ಮಂತ್ರಿಯೇ ಎಫ್1ರ ಒಂಟೆಗೆ ಅಡ್ಡ ನಿಂತಿರುತ್ತದೆ.

ಡಿ5ರಲ್ಲಿ ಪದಾತಿಗಳನ್ನು ಬದಲಾಯಿಸಿಕೊಂಡು ಒಂಟೆಯನ್ನು ಡಿ3ಕ್ಕೆ ತರುವುದು ಮಂಕು ಆಟವೆಂದು ಹಲವರು ಮೂಗು ಮುರಿಯುತ್ತಾರೆ. ಆದರೆ 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಮೆರಿಕದ ಫಿಷರ್ ಮಾಜಿ ವಿಶ್ವ ಚಾಂಪಿಯನ್ ಪೆಟ್ರೋಸಿಯನ್‌ರನ್ನು ಮಣಿಸಿದ್ದು ಇದರಿಂದಲೇ. ಬದಲಾಯಿಸಿದ ಮೇಲೆ ಸಿ4 ಆಡುವ ಪಾನೊವ್ ದಾಳಿ, ಡಿ4ರಲ್ಲಿ ಒಂಟಿ (ಅಕ್ಕಪಕ್ಕದ ಸಾಲುಗಳಲ್ಲಿ ಜೊತೆ ಪದಾತಿಯಿಲ್ಲದ) ಪದಾತಿಯನ್ನು ಹೊತ್ತು ಆಡಲು ಅಂಜದವರಿಗೆ ಸರಿ.

ನನ್ನ ಒಲವು ಮೂರನೇ ನಡೆಯಲ್ಲಿಯೇ ಇ5 ನೂಕುವುದರ ಕಡೆಗೆ. ಒಂಟೆ ಎಫ್5ಕ್ಕೆ ಬಂದ ಕೂಡಲೇ ಎಚ್4 ಆಡಬಹುದು. 1961ರ ವಿಶ್ವ ಚಾಂಪಿಯನ್‌ಷಿಪ್ ಮರುಪಂದ್ಯದಲ್ಲಿ ತಾಲ್ ಬೊಟ್ವಿನ್ನಿಕ್ ಎದುರು ಇದನ್ನು ಆಡಿದ್ದರು. ಆಗ ಕಪ್ಪಿನವರು ಎಂದಿನಂತೆ ಇ6 ಆಡಿದರೆ ಜಿ4 ಬರುತ್ತದೆ. ಒಂಟೆ ಇ4ಕ್ಕೆ ಹೋದರೆ ಎಫ್3, ಅಲ್ಲಿಂದ ಜಿ6ಕ್ಕೆ ಹಿಂದೆ ಸರಿದರೆ ಎಚ್5, ಅಲ್ಲಿಗೆ ಒಂಟೆ ಸಿಕ್ಕಿಬಿದ್ದಿತು. ಹೆಮ್ಮೆಯಿಂದ ಹೊರತಂದ ಕಾಯಿಯೇ ಹೊರೆಯಾಗುವ ಈ ಸಾಧ್ಯತೆಯಿಂದಾಗಿ ಕಪ್ಪಿನವರು ಸಾಮಾನ್ಯವಾಗಿ ಎಚ್5 ಅಥವಾ ಎಚ್6 ಆಡಿ ನಡೆ ವ್ಯಯಿಸುತ್ತಾರೆ.

ಇಷ್ಟು ತೀಕ್ಷ್ಣತೆ ಬೇಡವೆನ್ನುವವರು ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ನೈಜೆಲ್ ಶಾರ್ಟ್ ಬಳಕೆಗೆ ತಂದ ರೀತಿಯಲ್ಲಿ ಕುದುರೆಯನ್ನು ಎಫ್3ಕ್ಕೂ ಒಂಟೆಯನ್ನು ಇ2ಕ್ಕೂ ತಂದು ಕ್ಯಾಸ್ಲಿಂಗ್ (ಆನೆಯ ಜೊತೆಗೂಡಿ ರಾಜನನ್ನು ಬದಿಗೆ ಸುರಕ್ಷಿತವಾಗಿ ಸರಿಸುವ ನಡೆ) ಮಾಡಿಕೊಳ್ಳಬಹುದು. ನಾನು ಹೆಚ್ಚಾಗಿ ಆರಿಸಿಕೊಳ್ಳುವುದು ಇದನ್ನೇ. ಇಲ್ಲಿ ಅವಸರವಿಲ್ಲ, ಇಕ್ಕಟ್ಟಾದ ಜಾಗದಲ್ಲಿ ಕಪ್ಪಿನ ಕುದುರೆಗಳು ಡಿ7, ಇ7ರ ಮನೆಗಳಿಗಾಗಿ ತಡಕಾಡುವಾಗ, ನಮ್ಮ ಕುದುರೆ ಎಚ್4ಕ್ಕೆ ಹಾರಿ ಆ ಪ್ರಸಿದ್ಧ ಒಂಟೆಯನ್ನೇ ಬದಲಾಯಿಸಿಕೊಳ್ಳಲು ನೋಡುತ್ತದೆ.

ಉಳಿದದ್ದು ಒಂದೇ ತೊಡಕು: ನಮ್ಮ ಇ5ಕ್ಕೆ ಉತ್ತರವಾಗಿ, ಒಂಟೆಯನ್ನು ಹೊರತರದೆ ಮೂರನೇ ನಡೆಗೇ ಸಿ5 ಆಡುವವರು. ಅದನ್ನು ಡಿ4ರ ಪದಾತಿಯಿಂದ ಹೊಡೆಯುವುದೇ ಲೇಸು, ಆದರೆ ಗೆದ್ದ ಪದಾತಿಯನ್ನು ಕೊನೆಯವರೆಗೆ ಕಾಪಾಡುವ ಹಟ ಬೇಡ. ಅದನ್ನು ಮರಳಿ ಪಡೆಯಲು ಕಪ್ಪಿನವರು ನಡೆಗಳನ್ನು ವ್ಯಯಿಸುತ್ತಿರುವಾಗ ಕಾಯಿಗಳನ್ನು ಹೊರತಂದು ಕ್ಯಾಸ್ಲಿಂಗ್ ಮುಗಿಸಿಕೊಂಡರೆ, ತೆರವಾದ ಡಿ4ರ ಮನೆ ನಮ್ಮ ಕುದುರೆಗೆ ಒಳ್ಳೆಯ ನೆಲೆಯಾಗುತ್ತದೆ.