ಲೈಸೆನ್ಸ್ ಕೈಗೆ ಬಂದಮೇಲೂ ರೆಸಿಡೆನ್ಸಿ ಯಾಕೆ?

ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಲು ಬೇಕಾದ ಫಾರ್ಮ್‌ಡಿ ಪದವಿ ಓದುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡಿದಾಗಲೆಲ್ಲ ಇದೇ ಪ್ರಶ್ನೆ: "ಅಕ್ಕಾ, ಆಸ್ಪತ್ರೆಲಿ ಕೆಲಸಕ್ಕೆ ಸೇರೋರಿಗೆ ರೆಸಿಡೆನ್ಸಿ ಬೇಕು, ಸರಿ. ಔಷಧಿ ಅಂಗಡಿಲಿ ಕೆಲಸ ಮಾಡೋಕೂ ಬೇಕಾ?"

ರೆಸಿಡೆನ್ಸಿ ಅಂದರೆ ಪದವಿ ಮುಗಿದಮೇಲೆ ಮಾಡುವ ಒಂದು ವರ್ಷದ ತರಬೇತಿ. ಬೇಕೇಬೇಕು ಅಂತೇನಿಲ್ಲ. ಪದವಿಯ ಕೊನೆಯ ಹಂತದಲ್ಲೇ ಕನಿಷ್ಠ 1,440 ಗಂಟೆ ಪ್ರಾಯೋಗಿಕ ತರಬೇತಿ ಆಗಿರುತ್ತದೆ. ಫಾರ್ಮಸಿಸ್ಟರ ಲೈಸೆನ್ಸ್ ಪರೀಕ್ಷೆ ನ್ಯಾಪ್ಲೆಕ್ಸ್ ಪಾಸಾಗಿ, ರಾಜ್ಯದ ಉಳಿದ ಶರತ್ತು ಪೂರೈಸಿದರೆ ಲೈಸೆನ್ಸ್ ಬಂತು. ಲಸಿಕೆ ಹಾಕುವುದಕ್ಕೂ ಸುಮಾರು 20 ಗಂಟೆಯ ಸರ್ಟಿಫಿಕೇಟ್ ಕೋರ್ಸ್ ಸಾಕು.

ಆದರೂ ನಾನು ಆ ಒಂದು ವರ್ಷ ಮಾಡಿದೆ. ಕಲಿತದ್ದು ಮುಖ್ಯವಾಗಿ ಒಂದೇ: ಕೇಳುವುದು.

ಕೌಂಟರಿನಲ್ಲಿ ನಡೆಯುವುದು ಗೊತ್ತಲ್ಲ. ರೋಗಿಗೆ ಔಷಧಿಯ ಬಗ್ಗೆ ವಿವರಿಸಲು ಫಾರ್ಮಸಿಸ್ಟ್ ಮುಂದಾಗಬೇಕು ಅಂತ 1990ರ ಓಬ್ರಾ ಕಾನೂನು ಹೇಳಿತು. ಅದು ಸವೆದು ಸವೆದು "ಏನಾದ್ರೂ ಕೇಳೋದಿದೆಯಾ?" "ಇಲ್ಲ" "ಇಲ್ಲೊಂದು ಸಹಿ ಹಾಕಿ" ಅಂತಾಯಿತು. ಮೊದಲ ವಾರವೇ ನನ್ನ ಪ್ರಿಸೆಪ್ಟರ್, ಅಂದರೆ ತರಬೇತಿ ಕೊಡುವ ಹಿರಿಯ ಫಾರ್ಮಸಿಸ್ಟ್, ಆ ವಾಕ್ಯಕ್ಕೆ ಬಹಿಷ್ಕಾರ ಹಾಕಿದರು. ಬದಲಿಗೆ ಮೂರು ಪ್ರಶ್ನೆ: ಇದು ಯಾತಕ್ಕೆ ಅಂತ ಡಾಕ್ಟರು ಹೇಳಿದ್ದಾರೆ? ಹೇಗೆ ತಗೋಬೇಕು ಅಂದರು? ತಗೊಂಡರೆ ಏನಾಗುತ್ತೆ ಅಂದರು? ಅಮೆರಿಕದ ಮೂಲನಿವಾಸಿಗಳ ಆರೋಗ್ಯ ನೋಡಿಕೊಳ್ಳುವ ಇಂಡಿಯನ್ ಹೆಲ್ತ್ ಸರ್ವಿಸ್‌ನ ಫಾರ್ಮಸಿಸ್ಟರು ರೂಢಿಗೆ ತಂದ ಪ್ರಶ್ನೆಗಳಿವು. "ಇಲ್ಲ" ಅಂದು ಜಾರಿಕೊಳ್ಳಲು ದಾರಿಯೇ ಇಲ್ಲ.

ಒಂದು ಮಧ್ಯಾಹ್ನ, ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತನ್ನಿ ಅಂದಿದ್ದಕ್ಕೆ ಅಜ್ಜನೊಬ್ಬರು ಒಂದು ಚೀಲ ತಂದು ಮೇಜಿನ ಮೇಲೆ ಸುರಿದರು. ಅದರಲ್ಲಿ ಒಂದು ಡಬ್ಬಿಯ ಮೇಲೆ ಲಿಸಿನೊಪ್ರಿಲ್, ಇನ್ನೊಂದರ ಮೇಲೆ ಜೆಸ್ಟ್ರಿಲ್. ಎರಡೂ ಬಿಪಿ ಇಳಿಸುವ ಒಂದೇ ಔಷಧಿ. ಇಬ್ಬರು ಡಾಕ್ಟರು ಬರೆದಿದ್ದರು, ಅಜ್ಜ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಎರಡನೆಯದನ್ನು ಬೇರೆ ಅಂಗಡಿಯಲ್ಲಿ ವಿಮೆ ತೋರಿಸದೆ ನಗದು ಕೊಟ್ಟು ಕೊಂಡಿದ್ದರಿಂದ ನಮ್ಮ ಕಂಪ್ಯೂಟರು ತುಟಿ ಪಿಟಕ್ ಅಂದಿರಲಿಲ್ಲ. "ಎದ್ದಾಗ ತಲೆ ತಿರುಗುತ್ತಾ?" ಅಂದೆ. "ವಯಸ್ಸಾಯ್ತಲ್ಲಮ್ಮ" ಅಂದರು. ವಯಸ್ಸಿನದೊಂದೇ ತಪ್ಪಾಗಿರಲಿಲ್ಲ. ಇಬ್ಬರೂ ಡಾಕ್ಟರಿಗೆ ಫೋನ್ ಮಾಡಿ ಇತ್ಯರ್ಥ ಮಾಡಿಕೊಳ್ಳಲು ಸಂಜೆಯಾಯಿತು. ಮಾಮೂಲಿ ಪಾಳಿಯಲ್ಲಿ ಆ ಸಂಜೆ ಯಾರಿಗೆ ಸಿಗುತ್ತದೆ ಹೇಳಿ?

ಸಂಬಳದ ವಿಷಯ ಮುಚ್ಚಿಡುವುದಿಲ್ಲ: ಆ ವರ್ಷ ಕೈಗೆ ಬರುವುದು ಸಾಮಾನ್ಯವಾಗಿ ಫಾರ್ಮಸಿಸ್ಟರ ಸಂಬಳದ ಅರ್ಧಕ್ಕೂ ಕಡಿಮೆ. ತಲೆ ಮೇಲೆ ಓದಿನ ಸಾಲ ಕೂತಿದ್ದರೆ, ಮುಂದೆಯೂ ಚೈನ್ ಸ್ಟೋರಿನ ಪಾಳಿಯೇ ಸಾಕು ಅನ್ನಿಸಿದರೆ, ಬಿಡಿ. ಕ್ಲಿನಿಕ್ಕಿನಲ್ಲಿ ಶುಗರ್ ರೋಗಿಗಳನ್ನು ನೋಡಬೇಕು, ಪಾಠ ಮಾಡಬೇಕು, ಸ್ವಂತ ಅಂಗಡಿಯಲ್ಲಿ ಹೊಸ ಸೇವೆ ಶುರು ಮಾಡಬೇಕು ಅಂತಿದ್ದರೆ ಮಾತ್ರ ಅರ್ಜಿ ಹಾಕಿ.

ಹಾಕುವಾಗ ಫಾರ್ಮಸಿಸ್ಟರ ಸಂಘಗಳಾದ ಎಎಸ್‌ಎಚ್‌ಪಿ ಮತ್ತು ಎಪಿಎಚ್‌ಎ ಸೇರಿ ಮಾನ್ಯತೆ ಕೊಟ್ಟ ಕಾರ್ಯಕ್ರಮವೇ ಅಂತ ನೋಡಿಕೊಳ್ಳಿ. ನಿಮ್ಮ ಆಯ್ಕೆಯ ಪಟ್ಟಿಯನ್ನೂ ಅವರ ಪಟ್ಟಿಯನ್ನೂ ಹೊಂದಿಸಿ ಜಾಗ ಹಂಚುವ ಮ್ಯಾಚ್‌ನಲ್ಲಿ ಒಮ್ಮೆ ಜಾಗ ಬಂದರೆ ಅದಕ್ಕೆ ಬದ್ಧರಾಗಬೇಕು, ಹಾಗಾಗಿ ಪಟ್ಟಿ ಕೊಡುವ ಮೊದಲೇ ವಿಚಾರಿಸಬೇಕು. ವಾರಕ್ಕೆ ಎಷ್ಟು ಗಂಟೆ ಬರೀ ಔಷಧಿ ಕೊಡುವ ಕೆಲಸ ಅಂತ ನೇರವಾಗಿ ಕೇಳಿ. ಕೆಲಸಕ್ಕೆ ಜನ ಸಾಕಾಗದ ಅಂಗಡಿಗಳಿಗೆ ರೆಸಿಡೆಂಟ್ ಅಂದರೆ ಅಗ್ಗದ ಆಳು. ಉತ್ತರ ತೇಲಿಸಿದರೆ, ಅಲ್ಲಿ ಈಗಿರುವ ರೆಸಿಡೆಂಟ್‌ಗೇ ಫೋನ್ ಮಾಡಿ, ಮಧ್ಯಾಹ್ನದ ಊಟ ಎಷ್ಟು ಹೊತ್ತಿಗೆ ಮಾಡ್ತೀರಿ ಅಂತ ವಿಚಾರಿಸಿ.