ಕರಡಿಯ ಹಲ್ಲು

ಇಂದು ಸಂಜೆ ಸತ್ತ ಕರಡಿಯೊಂದರ ಹಲ್ಲು ಕೀಳುವುದನ್ನು ನೋಡಿದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೇಟೆಯಾಡಿದ ಕರಡಿಯನ್ನು 24 ಗಂಟೆಯೊಳಗೆ ತಪಾಸಣಾ ಕೇಂದ್ರಕ್ಕೆ ತರಬೇಕು. ತೂಕ ಮಾಡಿದರು, ಗಂಡೋ ಹೆಣ್ಣೋ ಬರೆದುಕೊಂಡರು. ಆಮೇಲೆ ಕೋರೆಹಲ್ಲಿನ ಹಿಂದಿನ ಚಿಕ್ಕ ಹಲ್ಲು. ಅದನ್ನು ತೆಳುವಾಗಿ ಕೊಯ್ದರೆ ಮರದ ಕಾಂಡದಲ್ಲಿರುವಂತೆ ವರ್ಷದ ಬಳೆಗಳು ಕಾಣುತ್ತವೆ. ಅಷ್ಟು ದೊಡ್ಡ ಪ್ರಾಣಿಯ ಇಡೀ ಆಯಸ್ಸು ಅಷ್ಟು ಪುಟ್ಟ ಹಲ್ಲಿನಲ್ಲಿ!

ಕರೆದುಕೊಂಡು ಹೋದ ಸಹೋದ್ಯೋಗಿ ಲೆಕ್ಕಾಚಾರದ ಮನುಷ್ಯ. ಕರಡಿಗೆಂದೇ ಬೇರೆ ಪರವಾನಗಿ, ವರ್ಷಕ್ಕೆ ಒಂದೇ ಕರಡಿ, ಮೈಮೇಲೆ ಕಿತ್ತಳೆ ಬಣ್ಣದ ಅಂಗಿ. ಹೊತ್ತು ತರಲು ನಾಲ್ಕು ಜನ ಗೊತ್ತಾದ ಮೇಲೆಯೇ ಕಾಡಿಗೆ ಇಳಿಯುತ್ತಾನೆ. ಮಾಂಸ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯದೆ ಯಾರ ತಟ್ಟೆಗೂ ಬಡಿಸುವುದಿಲ್ಲ, ಹುಳುವಿನ ಭಯ. (ನಾನು ಹೇಗೂ ಅನ್ನ, ಸಾರಿನವನು.)

ತಿಂಡಿಯ ಆಮಿಷ ಒಡ್ಡಿ ಕರಡಿ ಹೊಡೆಯುವುದು ಇಲ್ಲಿ ಅಪರಾಧ ಎಂದ.

ನಮ್ಮ ಕರ್ನಾಟಕದ ದರೋಜಿ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲ ಸವರಿಯೇ ಕರಡಿಗಳನ್ನು ಕರೆಯುತ್ತಾರೆ ಎಂದೆ. ಹುಬ್ಬೇರಿಸಿದ.

ಹೊಡೆಯಲಿಕ್ಕಲ್ಲ ಮಾರಾಯ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ದೂರದ ಗೋಪುರದಲ್ಲಿ ಕುಳಿತು ನೋಡಲಿಕ್ಕೆ.

"ಬರೀ ನೋಡಲಿಕ್ಕೆ?" ಎಂದು ಮತ್ತೊಮ್ಮೆ ಕೇಳಿದ.